ಕ್ಲೌಡ್ ವೇದಿಕೆಗಳ ಹೋಲಿಕೆ: ಸೇರುವ ದರ, ಬಿಡುವ ದರ

ಕ್ಲೌಡ್ ಸೇವೆ ಎಂದರೆ ಬೇರೊಬ್ಬರ ಡೇಟಾ ಸೆಂಟರಿನಲ್ಲಿರುವ ಸರ್ವರು, ಡಿಸ್ಕು, ಡೇಟಾಬೇಸುಗಳನ್ನು ಬೇಕಾದಾಗ ಬೇಕಾದಷ್ಟು ಪಡೆದು, ಬಳಸಿದಷ್ಟಕ್ಕೆ ಬಾಡಿಗೆ ಕಟ್ಟುವ ವ್ಯವಸ್ಥೆ. ಈ ವ್ಯಾಪಾರದಲ್ಲಿ ಅಮೆಜಾನ್ ವೆಬ್ ಸರ್ವೀಸಸ್, ಅಂದರೆ ಎಡಬ್ಲ್ಯುಎಸ್, ಮೊದಲ ಸ್ಥಾನದಲ್ಲಿದೆ. ಮೈಕ್ರೋಸಾಫ್ಟಿನ ಅಜೂರ್ ಎರಡನೆಯದು, ಗೂಗಲ್ ಕ್ಲೌಡ್ ಮೂರನೆಯದು. ಜಗತ್ತಿನ ಕ್ಲೌಡ್ ಮೂಲಸೌಕರ್ಯ ಮಾರುಕಟ್ಟೆಯಲ್ಲಿ ಶೇಕಡ 60ಕ್ಕೂ ಹೆಚ್ಚು ಪಾಲು ಈ ಮೂರರದ್ದೇ. ಒಂದು ಉದ್ಯಮ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಮಾರಾಟ ಪ್ರತಿನಿಧಿಗಳೂ ಸಲಹೆಗಾರರೂ ಸಾಮಾನ್ಯವಾಗಿ ಮುಂದಿಡುವುದು ಒಂದು ಕೋಷ್ಟಕ: ಎಷ್ಟು ಬಗೆಯ ಸೇವೆಗಳಿವೆ, ಎಷ್ಟು ದೇಶಗಳಲ್ಲಿವೆ, ಗಂಟೆಗೆ ಎಷ್ಟು ದರ. ಕೋಷ್ಟಕದ ಅಂಕಿಗಳು ನಿಜವೇ ಇರಬಹುದು. ಆದರೆ ಅವೆಲ್ಲ ಸೇರುವ ದಿನಕ್ಕೆ ಸಂಬಂಧಿಸಿದವು. ಉದ್ಯಮದ ಕೈಕಟ್ಟುವ ಲೆಕ್ಕ ಶುರುವಾಗುವುದು ಕೆಲವು ವರ್ಷಗಳ ನಂತರ, ದರ ಏರಿದಾಗ, ನಿಯಮ ಬದಲಾದಾಗ, ಸೇವೆ ನಿಂತಾಗ. ಆದ್ದರಿಂದ ವೇದಿಕೆಗಳನ್ನು ಹೋಲಿಸುವವರು ಮೊದಲು ಕೇಳಬೇಕಾದದ್ದು ಬಿಟ್ಟುಹೋಗಲು ಎಷ್ಟು ಖರ್ಚಾದೀತು ಎಂಬುದನ್ನು. ಉಳಿದ ಗುಣದೋಷಗಳ ವಿಚಾರ ಆಮೇಲಿನದು.

ಮೂರೂ ವೇದಿಕೆಗಳ ಸ್ವಭಾವ ಅವುಗಳ ಹುಟ್ಟಿನಲ್ಲೇ ಇದೆ. ಎಡಬ್ಲ್ಯುಎಸ್ 2006ರ ಮಾರ್ಚ್‌ನಲ್ಲಿ ಎಸ್3 ಎಂಬ ಶೇಖರಣಾ ಸೇವೆಯನ್ನೂ ಅದೇ ಆಗಸ್ಟ್‌ನಲ್ಲಿ ಇಸಿ2 ಎಂಬ ಬಾಡಿಗೆ ಸರ್ವರ್ ಸೇವೆಯನ್ನೂ ಹೊರತಂದಿತು. ಬಿಡಿಭಾಗಗಳನ್ನು ಕೊಟ್ಟು ಜೋಡಣೆಯನ್ನು ಎಂಜಿನಿಯರಿಗೆ ಬಿಡುವ ಅದರ ಪದ್ಧತಿ ಇಂದಿಗೂ ಹಾಗೇ ಉಳಿದಿದೆ. ಆಯ್ಕೆಗಳು ವಿಪರೀತ, ಕಲಿಯುವುದೂ ಅಷ್ಟೇ. ಗೂಗಲ್ 2008ರಲ್ಲಿ ಆ್ಯಪ್ ಎಂಜಿನ್ ತಂದಾಗ ಅದರ ನಿಲುವು ಬೇರೆಯೇ ಇತ್ತು: ಪ್ರೋಗ್ರಾಮು ಬರೆದು ಕೊಡಿ, ಸರ್ವರಿನ ಗೊಡವೆ ನಿಮಗೆ ಬೇಡ. ಆದರೆ ಬಹುಪಾಲು ಉದ್ಯಮಗಳ ಬಳಿ ಇದ್ದದ್ದು ಹಳೆಯ ತಂತ್ರಾಂಶ. ಅದನ್ನು ಇದ್ದಂತೆಯೇ ಎತ್ತಿಡಲು ಅವುಗಳಿಗೆ ಬರಿಯ ಸರ್ವರು ಬೇಕಿತ್ತು. ಗೂಗಲ್ ಅಂಥ ಸರ್ವರು ಕೊಡಲು ಮುಂದಾದದ್ದು 2012ರಲ್ಲಿ, ಇಸಿ2 ಬಂದು ಆರು ವರ್ಷ ಕಳೆದ ಮೇಲೆ. ಮಾರುಕಟ್ಟೆಯಲ್ಲಿ ಅದು ಇಂದಿಗೂ ಮೂರನೆಯದಾಗಿ ಉಳಿದಿರುವುದಕ್ಕೆ ಆ ವಿಳಂಬದ ಪಾಲು ದೊಡ್ಡದು. ಮೈಕ್ರೋಸಾಫ್ಟ್ 2008ರಲ್ಲಿ ಘೋಷಿಸಿ 2010ರಲ್ಲಿ ಮಾರಲು ತೊಡಗಿದ ಸೇವೆಯ ಹೆಸರು ‘ವಿಂಡೋಸ್ ಅಜೂರ್’. ಲಿನಕ್ಸ್ ಸರ್ವರುಗಳಿಲ್ಲದೆ ಕ್ಲೌಡ್ ವ್ಯಾಪಾರ ನಡೆಯದು ಎಂಬುದು ಸ್ಪಷ್ಟವಾದ ಮೇಲೆ, 2014ರಲ್ಲಿ ಹೆಸರಿನಿಂದ ‘ವಿಂಡೋಸ್’ ಹೋಯಿತು. ಅಜೂರಿನ ನಿಜವಾದ ಬಂಡವಾಳ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕಚೇರಿಗಳೊಂದಿಗೆ ಆ ಕಂಪನಿಗೆ ದಶಕಗಳಿಂದ ಇರುವ ಲೈಸೆನ್ಸ್ ಸಂಬಂಧ.

ತಳಮಟ್ಟದ ಸೇವೆಗಳಲ್ಲಿ, ಅಂದರೆ ಸರ್ವರು, ಡಿಸ್ಕು, ಜಾಲದ ಸಂಪರ್ಕಗಳಲ್ಲಿ, ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದೇ ಬಗೆಯ ಇಂಟೆಲ್, ಎಎಂಡಿ ಚಿಪ್ಪುಗಳು ಎಲ್ಲೆಡೆ ಇವೆ. ಸ್ವಂತ ವಿನ್ಯಾಸದ ಆರ್ಮ್ ಚಿಪ್ಪುಗಳೂ ಮೂವರಲ್ಲೂ ಇವೆ, ಎಡಬ್ಲ್ಯುಎಸ್ ಮಾತ್ರ ಆ ದಾರಿಯಲ್ಲಿ 2018ರಲ್ಲೇ ಹೊರಟಿತ್ತು. ಗಂಟೆಯ ದರವನ್ನು ಮೂವರೂ ಪರಸ್ಪರ ನೋಡಿಯೇ ಇಡುತ್ತಾರೆ. ಹೋಲಿಕೆ ಕಾವೇರುವುದು ಮೇಲಿನ ಹಂತದಲ್ಲಿ. ಭಾರಿ ಪ್ರಮಾಣದ ದತ್ತಾಂಶವನ್ನು ವಿಶ್ಲೇಷಿಸುವುದರಲ್ಲಿ ಗೂಗಲ್‌ನ ಬಿಗ್‌ಕ್ವೆರಿಗೆ ಇಂದಿಗೂ ಮೇಲುಗೈ ಇದೆ. ಸರ್ವರುಗಳನ್ನು ಮುಂಚಿತವಾಗಿ ಕಾದಿರಿಸದೆ, ಪ್ರತಿ ಪ್ರಶ್ನೆಗೆ ಓದಿದ ದತ್ತಾಂಶದಷ್ಟಕ್ಕೆ ಹಣ ಕೊಡುವ ಅನುಕೂಲ ಅದರದ್ದು. ಎಚ್ಚರ ತಪ್ಪಿ ಬರೆದ ಒಂದು ಪ್ರಶ್ನೆ ಇಡೀ ಕೋಷ್ಟಕವನ್ನು ಓದಿ ದೊಡ್ಡ ಬಿಲ್ಲು ತಂದುಕೊಡುವ ಅಪಾಯವೂ ಅದರದ್ದೇ. ಎಡಬ್ಲ್ಯುಎಸ್‌ನ ಬಲ ಸೇವೆಗಳ ವಿಸ್ತಾರ ಮತ್ತು ದೀರ್ಘ ಅನುಭವದಲ್ಲಿದೆ. ಅಜೂರ್‌ನದು ಉದ್ಯೋಗಿಗಳ ಲಾಗಿನ್, ಇ-ಮೇಲ್, ಕಡತ, ಸರ್ವರುಗಳನ್ನು ಒಂದೇ ಗುರುತಿನ ವ್ಯವಸ್ಥೆಗೆ ಪೋಣಿಸುವುದರಲ್ಲಿ.

ಇನ್ನು ಬಿಲ್ಲು. ಪ್ರಕಟಿತ ದರದಲ್ಲಿ ಕ್ಲೌಡ್ ಬಳಸುವ ದೊಡ್ಡ ಉದ್ಯಮ ಇಲ್ಲವೆಂದೇ ಹೇಳಬೇಕು. ಒಂದು ಅಥವಾ ಮೂರು ವರ್ಷದ ಬಳಕೆಗೆ ಒಪ್ಪಿಕೊಂಡರೆ ರಿಯಾಯಿತಿ, ಯಾವ ಕ್ಷಣದಲ್ಲಾದರೂ ಹಿಂದಕ್ಕೆ ಪಡೆಯಬಹುದಾದ ಸರ್ವರು ಸಾಕೆಂದರೆ ಇನ್ನೂ ದೊಡ್ಡ ರಿಯಾಯಿತಿ, ಹೊಸ ಕಂಪನಿಗಳಿಗೆ ಆರಂಭದ ಉಚಿತ ಕ್ರೆಡಿಟ್ಟು. ಉಚಿತ ಕ್ರೆಡಿಟ್ಟಿನ ಆಸೆಯಿಂದ ವೇದಿಕೆ ಆರಿಸಿಕೊಂಡ ಹೊಸ ಕಂಪನಿಗಳು ಬೆಂಗಳೂರಿನಲ್ಲಿ ಅಪರೂಪವಲ್ಲ. ಕ್ರೆಡಿಟ್ಟು ಮುಗಿಯುವ ಹೊತ್ತಿಗೆ ತಂತ್ರಾಂಶವೆಲ್ಲ ಆ ವೇದಿಕೆಯ ಮೇಲೆಯೇ ಬೆಳೆದು ನಿಂತಿರುತ್ತದೆ.

ಭಾರತದ ಗ್ರಾಹಕರಿಗೆ ಇನ್ನೆರಡು ಸಂಗತಿಗಳು ಮುಖ್ಯ. ಎಡಬ್ಲ್ಯುಎಸ್‌ನಂಥ ಕಂಪನಿ ರೂಪಾಯಿಯಲ್ಲಿ ಬಿಲ್ಲು ಕೊಟ್ಟರೂ ಮೂಲ ದರ ಡಾಲರಿನಲ್ಲೇ ನಿಗದಿಯಾಗಿರುತ್ತದೆ. 2016ರ ಜೂನ್‌ನಲ್ಲಿ ಅದು ಮುಂಬೈಯಲ್ಲಿ ಸೇವೆ ಆರಂಭಿಸಿದಾಗ ಡಾಲರಿಗೆ 67 ರೂಪಾಯಿಯ ಆಸುಪಾಸಿತ್ತು. 2024ರ ಡಿಸೆಂಬರಿನಲ್ಲಿ 85 ದಾಟಿತು. ದರಪಟ್ಟಿ ಒಂದು ಸೆಂಟೂ ಕದಲದಿದ್ದರೂ ರೂಪಾಯಿ ಲೆಕ್ಕದಲ್ಲಿ ಬಾಡಿಗೆ ಕಾಲುಭಾಗಕ್ಕೂ ಹೆಚ್ಚು ಏರಿದಂತಾಯಿತು. ಗಳಿಕೆ ಡಾಲರಿನಲ್ಲಿರುವ ಸಾಫ್ಟ್‌ವೇರ್ ರಫ್ತುದಾರರಿಗೆ ಇದು ತಟ್ಟುವುದಿಲ್ಲ, ರೂಪಾಯಿಯಲ್ಲಿ ದುಡಿಯುವ ಸಹಕಾರಿ ಬ್ಯಾಂಕಿಗೋ ದಿನಸಿ ಆ್ಯಪಿಗೋ ತಟ್ಟುತ್ತದೆ. ಎರಡನೆಯದು ಶೇಕಡ 18ರ ಜಿಎಸ್‌ಟಿ. ತೆರಿಗೆಗೊಳಪಟ್ಟ ವ್ಯಾಪಾರ ನಡೆಸುವವರು ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಶಾಲೆ, ಆಸ್ಪತ್ರೆಗಳ ಪ್ರಮುಖ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅವುಗಳಿಗೆ ಹಾಗೆ ಹೊಂದಿಸಿಕೊಳ್ಳಲಾಗದು. ಅವುಗಳಿಗೆ ಆ 18 ಪೂರಾ ಖರ್ಚೇ. ಅಮೆರಿಕದ ಲೇಖನಗಳನ್ನು ನೋಡಿ ಸಿದ್ಧಪಡಿಸಿದ ವೆಚ್ಚದ ಅಂದಾಜುಗಳು ಎಡವುವುದು ಇಲ್ಲಿ.

ಬಿಲ್ಲಿನಲ್ಲಿ ಬಹುಮಂದಿಯ ಕಣ್ಣಿಗೆ ಬೀಳದ ಸಾಲು ದತ್ತಾಂಶವನ್ನು ಹೊರಗೆ ಒಯ್ಯುವ ಶುಲ್ಕ. ಗ್ರಾಹಕರನ್ನು ವೇದಿಕೆಗೆ ಕಟ್ಟಿಹಾಕುವ ಮೊದಲ ಬಂಧ ಇದು. ಒಳಗೆ ತರಲು ಮೂವರೂ ಬಿಡಿಗಾಸು ಕೇಳುವುದಿಲ್ಲ. ಎಡಬ್ಲ್ಯುಎಸ್‌ನ ಮುಂಬೈ ಕೇಂದ್ರದ ಪ್ರಕಟಿತ ದರದಂತೆ ಒಂದು ಗಿಗಾಬೈಟನ್ನು ಎಸ್3ನಲ್ಲಿ ತಿಂಗಳಿಡೀ ಇಡಲು ಸುಮಾರು ಎರಡೂವರೆ ಸೆಂಟು. ಅದೇ ಗಿಗಾಬೈಟನ್ನು ಇಂಟರ್ನೆಟ್ಟಿಗೆ ಕಳಿಸಲು ಸುಮಾರು ಹನ್ನೊಂದು ಸೆಂಟು. 10,000 ಗಿಗಾಬೈಟು ಇಟ್ಟಿರುವ ಸಂಸ್ಥೆಯ ತಿಂಗಳ ಬಾಡಿಗೆ 250 ಡಾಲರಾದರೆ, ಅಷ್ಟನ್ನೂ ಒಮ್ಮೆ ಹೊರಗೆ ಸಾಗಿಸುವ ಖರ್ಚು 1,100 ಡಾಲರಿನ ಹತ್ತಿರ. ಅಜೂರ್, ಗೂಗಲ್‌ಗಳ ದರದ ರಚನೆಯೂ ಇದೇ ಜಾಡಿನದು. ಈ ಶುಲ್ಕ ತಾಂತ್ರಿಕ ಅನಿವಾರ್ಯತೆ ಎಂದು ನಂಬುವುದು ಕಷ್ಟ. 2016ರಿಂದ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ನಡೆಸುತ್ತಿರುವ ಡಿಜಿಟಲ್ ಓಷನ್ ಎಂಬ ಸಣ್ಣ ಕಂಪನಿ ಸರ್ವರಿನ ಬಾಡಿಗೆಯಲ್ಲೇ ಒಂದಿಷ್ಟು ಸಾಗಣೆಯನ್ನು ಸೇರಿಸಿಕೊಟ್ಟು, ಅದನ್ನು ಮೀರಿದ ಪ್ರತಿ ಗಿಗಾಬೈಟಿಗೆ ಒಂದು ಸೆಂಟು ಪಡೆಯುತ್ತದೆ.

ಯೂರೋಪಿನ ಒಕ್ಕೂಟ ತನ್ನ ಡೇಟಾ ಕಾಯ್ದೆಯಲ್ಲಿ ಈ ಶುಲ್ಕದ ಮೇಲೆ ಕಣ್ಣಿಟ್ಟ ಬಳಿಕ ದೊಡ್ಡವರ ವರಸೆ ಬದಲಾಯಿತು. 2024ರ ಜನವರಿಯಲ್ಲಿ ಗೂಗಲ್, ಮಾರ್ಚ್‌ನಲ್ಲಿ ಎಡಬ್ಲ್ಯುಎಸ್ ಮತ್ತು ಮೈಕ್ರೋಸಾಫ್ಟ್, ಬಿಟ್ಟುಹೋಗುವ ಗ್ರಾಹಕರಿಗೆ ಸಾಗಣೆ ಶುಲ್ಕ ಮನ್ನಾ ಮಾಡುವುದಾಗಿ ಘೋಷಿಸಿದವು. ನಿಬಂಧನೆಗಳು ಇವೆ, ಮೊದಲೇ ಅರ್ಜಿ ಹಾಕಬೇಕು. ದಿನನಿತ್ಯದ ಸಾಗಣೆಗೆ ಈ ಮನ್ನಾ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೇ ಬಂಧ ಲೈಸೆನ್ಸಿನದು, ಇದು ಮುಖ್ಯವಾಗಿ ಮೈಕ್ರೋಸಾಫ್ಟಿಗೆ ಸಂಬಂಧಿಸಿದ್ದು. ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಸರ್ವರ್‌ಗಳ ಲೈಸೆನ್ಸನ್ನು ಈಗಾಗಲೇ ಕೊಂಡವರು ಅದನ್ನು ಅಜೂರಿಗೆ ಒಯ್ದರೆ ಬಾಡಿಗೆಯಲ್ಲಿ ಗಣನೀಯ ಕಡಿತ ಸಿಗುತ್ತದೆ. ಅದೇ ಲೈಸೆನ್ಸನ್ನು ಅಮೆಜಾನ್ ಅಥವಾ ಗೂಗಲ್‌ನ ಸರ್ವರಿಗೆ ಒಯ್ಯುವ ಹಕ್ಕನ್ನು 2019ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಬಿಗಿಗೊಳಿಸಿತು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ 2025ರ ಜುಲೈಯಲ್ಲಿ ಮುಗಿಸಿದ ತನಿಖೆಯಲ್ಲಿ ಈ ಪದ್ಧತಿ ಎದುರಾಳಿಗಳ ಸ್ಪರ್ಧೆಗೆ ತೊಡಕಾಗಿದೆ ಎಂಬ ನಿರ್ಣಯಕ್ಕೆ ಬಂತು. ಕಚೇರಿಯೆಲ್ಲ ವಿಂಡೋಸ್ ಮೇಲೆ ನಡೆಯುತ್ತಿರುವ ಒಂದು ಕಾರ್ಖಾನೆಗೆ ಅಜೂರ್ ಅಗ್ಗವಾಗಿ ಕಾಣುವುದು ಇದರಿಂದಾಗಿಯೇ. ಆ ಅಗ್ಗ ಸುಳ್ಳಲ್ಲ. ಅದನ್ನು ಬೇಡವೆನ್ನಲು ಕಾರಣವೂ ಇಲ್ಲ. ಆದರೆ ಅದನ್ನು ಅಜೂರಿನ ತಾಂತ್ರಿಕ ಮೇಲ್ಮೆ ಎಂದು ಓದುವುದು ತಪ್ಪು, ಅದು ಹಿಂದೆಂದೋ ಮಾಡಿದ ಆಯ್ಕೆಯ ಮುಂದುವರಿಕೆ.

ಮೂರನೇ ಬಂಧ ಎಲ್ಲಕ್ಕಿಂತ ಗಟ್ಟಿ, ಅದು ಉದ್ಯಮದ ಸ್ವಂತ ತಂತ್ರಾಂಶದೊಳಗೇ ಇರುತ್ತದೆ. ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಮೂವರೂ ನಡೆಸಿಕೊಡುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸಲು ಕೆಲವು ವಾರಗಳ ಶ್ರಮ ಸಾಕಾಗಬಹುದು. ತಂತ್ರಾಂಶದ ಪೊಟ್ಟಣಗಳಾದ ಕಂಟೇನರುಗಳನ್ನು ನಿರ್ವಹಿಸುವ ಕುಬರ್‌ನೆಟಿಸ್ ಕೂಡ ಹಾಗೆಯೇ. ಗೂಗಲ್ ತನ್ನ ಒಳಗಿನ ಬೋರ್ಗ್ ವ್ಯವಸ್ಥೆಯ ಅನುಭವದಿಂದ ಅದನ್ನು ರೂಪಿಸಿ 2014ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದರಲ್ಲಿ ಔದಾರ್ಯದಷ್ಟೇ ಲೆಕ್ಕಾಚಾರವೂ ಇತ್ತೆಂದು ಊಹಿಸಬಹುದು: ಮಾರುಕಟ್ಟೆಯಲ್ಲಿ ಹಿಂದೆ ಬಿದ್ದವನಿಗೆ ಗ್ರಾಹಕರು ಸುಲಭವಾಗಿ ಜಾಗ ಬದಲಿಸುವಂತಿದ್ದರೆ ಲಾಭ. ಇದಕ್ಕೆ ಎದುರಾಗಿ ಡೈನಮೋಡಿಬಿ ಎಂಬ ಡೇಟಾಬೇಸು ಎಡಬ್ಲ್ಯುಎಸ್‌ನಲ್ಲಿ ಮಾತ್ರ ಸಿಗುತ್ತದೆ, ಸ್ಪ್ಯಾನರ್ ಗೂಗಲ್‌ನಲ್ಲಿ, ಕಾಸ್ಮಾಸ್ ಡಿಬಿ ಅಜೂರಿನಲ್ಲಿ. ಇಂಥವುಗಳ ಮೇಲೆ ಕಟ್ಟಿದ ತಂತ್ರಾಂಶವನ್ನು ಸಾಗಿಸಲಾಗದು, ಮತ್ತೆ ಬರೆಯಬೇಕು. ಯಾರಿಗೆ ಯಾವುದಕ್ಕೆ ಪ್ರವೇಶ ಎಂದು ನಿರ್ಧರಿಸುವ ಅನುಮತಿಗಳ ಜಾಲವಂತೂ ಮೂವರಲ್ಲೂ ಮೂರು ತೆರ. ಅದರ ಮರುನಿರ್ಮಾಣಕ್ಕೆ ತಗಲುವ ಕಾಲವನ್ನು ಬಹುತೇಕ ಅಂದಾಜುಗಳು ಮರೆತೇಬಿಡುತ್ತವೆ.

ಹಾಗೆಂದು ಬಿಡುವ ವೆಚ್ಚವನ್ನು ಸೊನ್ನೆಗಿಳಿಸುವುದೇ ಜಾಣತನವೆಂದು ಭಾವಿಸಬೇಕಿಲ್ಲ. ಕಟ್ಟುವ ಕೆಲಸ ಬೇಗ ಮುಗಿಯುವುದಕ್ಕೂ ಬೆಲೆಯಿದೆ. ನಾಲ್ವರು ಎಂಜಿನಿಯರುಗಳ ತಂಡ ಡೈನಮೋಡಿಬಿ ಬಳಸಿ ಮೂರು ತಿಂಗಳಲ್ಲಿ ಮಾರುಕಟ್ಟೆಗೆ ಬರುವುದಾದರೆ, ಮುಂದೆಂದೋ ಬಿಡುವ ಸ್ವಾತಂತ್ರ್ಯಕ್ಕಾಗಿ ಒಂಬತ್ತು ತಿಂಗಳು ಕಾಯುವುದರಲ್ಲಿ ಅರ್ಥವಿಲ್ಲ. ಮೂರೂ ವೇದಿಕೆಗಳಲ್ಲಿ ಏಕಕಾಲಕ್ಕೆ ನಡೆಯುವಂತೆ ಎಲ್ಲವನ್ನೂ ಬರೆಯುತ್ತೇವೆ ಎಂದು ಹೊರಡುವವರು ಮೂವರಲ್ಲೂ ಸಮಾನವಾಗಿರುವ ಕನಿಷ್ಠ ಸೌಲಭ್ಯಕ್ಕೆ ತೃಪ್ತಿಪಟ್ಟು, ಮೂರು ಬಗೆಯ ಪರಿಣತರನ್ನು ಸಾಕಬೇಕಾಗುತ್ತದೆ. ಬಹುಪಾಲು ಮಧ್ಯಮ ಗಾತ್ರದ ಸಂಸ್ಥೆಗಳಿಗೆ ಇದು ದುಂದು. ಬಿಡುವ ವೆಚ್ಚ ಎಷ್ಟೆಂದು ತಿಳಿದು, ಬರೆದಿಟ್ಟು, ಒಪ್ಪಿಕೊಂಡು ಸೇರುವುದು ಒಂದು. ಗೊತ್ತಿಲ್ಲದೆ ಸಿಕ್ಕಿಕೊಳ್ಳುವುದು ಇನ್ನೊಂದು.

ಬಿಟ್ಟು ಹೊರಬಂದವರ ಉದಾಹರಣೆಗಳೂ ಇವೆ. ಕಡತಗಳನ್ನು ಕಾದಿಡುವ ಡ್ರಾಪ್‌ಬಾಕ್ಸ್ ತನ್ನ ದತ್ತಾಂಶದ ಬಹುಭಾಗವನ್ನು ಎಸ್3ನಿಂದ ಸ್ವಂತ ಡೇಟಾ ಸೆಂಟರುಗಳಿಗೆ ಒಯ್ದು, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರು ಉಳಿಸಿದ್ದನ್ನು 2018ರ ಷೇರು ಬಿಡುಗಡೆಯ ದಾಖಲೆಯಲ್ಲಿ ತಿಳಿಸಿತು. ಬೇಸ್‌ಕ್ಯಾಂಪ್ ನಡೆಸುವ 37ಸಿಗ್ನಲ್ಸ್ ಕಂಪನಿಯ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ 2022ರಲ್ಲಿ ಕ್ಲೌಡ್ ತೊರೆಯುವ ನಿರ್ಧಾರ ಪ್ರಕಟಿಸಿದರು; ಆ ವರ್ಷದ ಅವರ ಕ್ಲೌಡ್ ಬಿಲ್ಲು 32 ಲಕ್ಷ ಡಾಲರು. ಚೆನ್ನೈ ಮೂಲದ ಜೋಹೊ ಮೊದಲಿನಿಂದಲೂ ಸ್ವಂತ ಡೇಟಾ ಸೆಂಟರುಗಳನ್ನೇ ನೆಚ್ಚಿದೆ. ಇವುಗಳ ಬಳಕೆ ಏರಿಳಿತವಿಲ್ಲದ್ದು, ಮುಂಚಿತವಾಗಿ ಅಂದಾಜಿಸಬಹುದಾದದ್ದು. ವರ್ಷವಿಡೀ ತುಂಬಿರುವ ಮನೆಗೆ ಯಾರೂ ದಿನಬಾಡಿಗೆ ಕೊಡುವುದಿಲ್ಲ. ಕ್ರಿಕೆಟ್ ನೇರಪ್ರಸಾರದ ಲೆಕ್ಕ ತಿರುವುಮುರುವು. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಎಡಬ್ಲ್ಯುಎಸ್ ಮೇಲೆ ನಡೆಯುತ್ತಿದ್ದ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡಿದವರ ಸಂಖ್ಯೆ 5.9 ಕೋಟಿ ಮುಟ್ಟಿತು. ವರ್ಷಕ್ಕೊಮ್ಮೆ ಬರುವ ಅಂಥ ಸಂಜೆಗಾಗಿ ಸರ್ವರುಗಳನ್ನು ಕೊಂಡಿಡುವುದು ಹುಚ್ಚುತನವೇ. ಬೇಡಿಕೆ ಕುಣಿಯುವವರಿಗೆ ಕ್ಲೌಡ್ ಅಗ್ಗ, ನಿಂತಲ್ಲೇ ನಿಲ್ಲುವವರಿಗೆ ದುಬಾರಿ. ಮೂವರಲ್ಲಿ ಯಾರು ಎಂಬ ಪ್ರಶ್ನೆಗೆ ಮೊದಲೇ ಈ ಪ್ರಶ್ನೆ ಇತ್ಯರ್ಥವಾಗಬೇಕು.

ಸೇವೆ ನಿಲ್ಲದೆ ನಡೆಯುವ ಭರವಸೆಯ ವಿಷಯಕ್ಕೆ ಬಂದರೆ ಮೂವರೂ ಶೇಕಡ 99.9, 99.99 ಎಂಬ ಸಂಖ್ಯೆಗಳನ್ನು ಮುಂದಿಡುತ್ತಾರೆ. 30 ದಿನದ ತಿಂಗಳಿನಲ್ಲಿ 99.99 ಎಂದರೆ ನಾಲ್ಕೂಕಾಲು ನಿಮಿಷದ ಅಡಚಣೆ, 99.9 ಎಂದರೆ 43 ನಿಮಿಷ. ಆದರೆ ಎಡಬ್ಲ್ಯುಎಸ್ 99.99ರ ಮಾತು ಕೊಡುವುದು ಒಂದಕ್ಕಿಂತ ಹೆಚ್ಚು ವಲಯಗಳಲ್ಲಿ, ಅಂದರೆ ಪ್ರತ್ಯೇಕ ಡೇಟಾ ಸೆಂಟರುಗಳಲ್ಲಿ, ಸರ್ವರುಗಳನ್ನು ಹರಡಿಕೊಂಡವರಿಗೆ. ಒಂಟಿ ಇಸಿ2 ಸರ್ವರಿಗೆ ಅದರ ಮಾತು ಶೇಕಡ 99.5, ಅಂದರೆ ತಿಂಗಳಿಗೆ ಮೂರೂವರೆ ಗಂಟೆಗೂ ಮೀರಿದ ಅಡಚಣೆ ನಿಯಮದೊಳಗೇ ಬರುತ್ತದೆ. ಮಾತು ತಪ್ಪಿದಾಗ ಸಿಗುವುದು ಆ ಸೇವೆಯ ಬಾಡಿಗೆಯ ಒಂದು ಪಾಲು, ಅದೂ ಮುಂದಿನ ಬಿಲ್ಲಿನಲ್ಲಿ ವಜಾ. ದಸರೆಯ ಮಾರಾಟದ ದಿನ ಅಂಗಡಿಯ ಆ್ಯಪ್ ನಿಂತರೆ ವ್ಯಾಪಾರಿಗೆ ಬರುವುದು ನಿಂತ ಸರ್ವರಿನ ಬಾಡಿಗೆಯ ಭಾಗ, ಹೋದ ವ್ಯಾಪಾರವಲ್ಲ.

ಯಾರ ವೇದಿಕೆ ಹೆಚ್ಚು ನಂಬಿಗಸ್ಥ ಎಂಬ ವಾದಕ್ಕೆ 2025ನೇ ವರ್ಷ ಚೆನ್ನಾಗಿ ಉತ್ತರಿಸಿದೆ. ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನ ಹಲವೆಡೆ ಏಕಕಾಲಕ್ಕೆ ಕುಸಿಯಿತು. ಅಕ್ಟೋಬರ್ 20ರಂದು ಎಡಬ್ಲ್ಯುಎಸ್‌ನ ವರ್ಜೀನಿಯಾ ಕೇಂದ್ರದಲ್ಲಿ ಡೈನಮೋಡಿಬಿಯ ವಿಳಾಸ ದಾಖಲೆಗಳು ತಪ್ಪಿ, ಅದನ್ನು ನೆಚ್ಚಿದ ಸೇವೆಗಳೆಲ್ಲ ಒಂದರ ಹಿಂದೊಂದು ನಿಂತವು. ಒಂಬತ್ತು ದಿನದ ಬಳಿಕ ಅಜೂರಿನ ಸರದಿ. ಮೂರರಲ್ಲೂ ಮೂಲ ಕಾರಣ ಯಂತ್ರ ಕೆಟ್ಟದ್ದಾಗಿರಲಿಲ್ಲ. ಎಲ್ಲವನ್ನೂ ಒಟ್ಟಾಗಿ ನಿಯಂತ್ರಿಸುವ ತಂತ್ರಾಂಶದ ದೋಷವಾಗಿತ್ತು. ಹೀಗಾಗಿ ಒಂದೇ ಕಂಪನಿಯೊಳಗೆ ಎಷ್ಟು ಪ್ರತಿ ಮಾಡಿಟ್ಟರೂ ತೀರದ ಅಪಾಯವೊಂದು ಉಳಿಯುತ್ತದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಗೆ ಆದದ್ದು ಅದೇ. ಗೂಗಲ್ ಸಿಬ್ಬಂದಿ ನಿಧಿಯ ಖಾಸಗಿ ಕ್ಲೌಡನ್ನು ಸಿದ್ಧಪಡಿಸುವಾಗ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಅದರಿಂದಾಗಿ ಆ ಕ್ಲೌಡಿಗೆ ಒಂದು ವರ್ಷದ ಗಡುವು ಬಿತ್ತು, ಗಡುವು ಮುಗಿದಾಗ ಅದು ತಾನಾಗಿ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ನಿಧಿ ಉಳಿದುಕೊಂಡದ್ದು ಅಳಿದ ವ್ಯವಸ್ಥೆಯ ಹೊರಗೆ, ಬೇರೊಂದು ಕಂಪನಿಯ ಬಳಿಯೂ ಇರಿಸಿದ್ದ ಪ್ರತಿಗಳಿಂದ. ವೇದಿಕೆ ಯಾವುದೇ ಇರಲಿ, ಬ್ಯಾಕಪ್ಪಿನ ಒಂದು ಪ್ರತಿ ಇನ್ನೊಬ್ಬರ ಬಳಿ ಇರಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಭೂಗೋಳದ ಪ್ರಶ್ನೆ ಈಗ ಅಷ್ಟು ಕಠಿಣವಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ, ಎಡಬ್ಲ್ಯುಎಸ್ 2016ರಲ್ಲಿ ಮುಂಬೈ ಮತ್ತು 2022ರಲ್ಲಿ ಹೈದರಾಬಾದಿನಲ್ಲಿ, ಗೂಗಲ್ 2017ರಲ್ಲಿ ಮುಂಬೈ ಹಾಗೂ 2021ರಲ್ಲಿ ದೆಹಲಿಯಲ್ಲಿ ಕೇಂದ್ರ ತೆರೆದವು. ಎಂಜಿನಿಯರುಗಳು ಬೆಂಗಳೂರಿನಲ್ಲಿ, ಸರ್ವರುಗಳು ಮುಂಬೈ, ಚೆನ್ನೈಗಳಲ್ಲಿ. ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವ ಊರುಗಳಿಗೆ ಈ ವಿಷಯದಲ್ಲಿ ಮೊದಲ ಮಣೆ. ಎಲ್ಲ ಕೇಂದ್ರಗಳಲ್ಲೂ ಎಲ್ಲ ಸೇವೆಗಳಿರುವುದಿಲ್ಲ ಎಂಬುದನ್ನು ಮಾತ್ರ ಪರಿಶೀಲಿಸಿಕೊಳ್ಳಬೇಕು. ಹೊಸ ಕೃತಕ ಬುದ್ಧಿಮತ್ತೆ ಸೇವೆಗಳು ಅಮೆರಿಕದಲ್ಲಿ ಮೊದಲು ಬಂದು ಭಾರತಕ್ಕೆ ತಡವಾಗಿ ಬರುವುದೇ ಹೆಚ್ಚು.

ಕಾನೂನು ಇದಕ್ಕಿಂತ ತೂಕದ್ದು. ಪಾವತಿ ವ್ಯವಸ್ಥೆಗಳ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. 2023ರಲ್ಲಿ ಅದು ಹೊರಡಿಸಿದ ಐಟಿ ಹೊರಗುತ್ತಿಗೆ ನಿರ್ದೇಶನ, ಕೆಲಸವನ್ನು ಯಾರಿಗೆ ವಹಿಸಿದರೂ ಹೊಣೆ ಬ್ಯಾಂಕಿನದ್ದೇ ಎಂದು ಹೇಳಿ, ಸೇವಾದಾರರಿಂದ ಹೊರಬರುವ ಯೋಜನೆಯನ್ನು ಕಡ್ಡಾಯಗೊಳಿಸಿತು. ಖಾಸಗಿ ಉದ್ಯಮಗಳು ಸಾಮಾನ್ಯವಾಗಿ ಕೇಳದ ಪ್ರಶ್ನೆಯನ್ನು ನಿಯಂತ್ರಕರು ಕೇಳಿದ್ದಾರೆ; ಬ್ಯಾಂಕಲ್ಲದವರಿಗೂ ಆ ನಿರ್ದೇಶನ ಓದಲು ಯೋಗ್ಯ.

ದತ್ತಾಂಶ ಭಾರತದಲ್ಲಿದ್ದರೂ ಅದನ್ನು ನಡೆಸುವ ಕಂಪನಿ ಹೊರದೇಶದ ಕಾನೂನಿಗೆ ಬದ್ಧ ಎಂಬುದು 2025ರ ಜುಲೈಯಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯ ಅನುಭವಕ್ಕೆ ಬಂತು. ರಷ್ಯಾದ ರಾಸ್ನೆಫ್ಟ್ ಪಾಲುದಾರಿಕೆಯ ಈ ಕಂಪನಿಯ ಮೇಲೆ ಯೂರೋಪಿನ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಲ್ಲೇ ಮೈಕ್ರೋಸಾಫ್ಟ್ ಅದರ ಇ-ಮೇಲ್ ಮುಂತಾದ ಸೇವೆಗಳನ್ನು ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿನ ಮೊರೆಹೋಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಭಾರತದ ನೆಲದಲ್ಲಿ, ಭಾರತದ ಕಾನೂನು ಮುರಿಯದ, ಹಣ ಕಟ್ಟಿದ ಗ್ರಾಹಕನೊಬ್ಬ ಬೆಳಗಾಗುವುದರೊಳಗೆ ಹೊರಗುಳಿಯಬಹುದು ಎಂಬುದು ಅಲ್ಲಿ ಗೊತ್ತಾಯಿತು. ಈ ಅಪಾಯದಲ್ಲಿ ಮೂರು ಅಮೆರಿಕನ್ ವೇದಿಕೆಗಳ ನಡುವೆ ಆರಿಸಲು ಏನೂ ಇಲ್ಲ. ಯೋಟಾ, ಕಂಟ್ರೋಲ್‌ಎಸ್‌ನಂಥ ದೇಶೀ ಕಂಪನಿಗಳು ಇಲ್ಲಿ ಪರ್ಯಾಯವಾಗುತ್ತವೆ. ಸೇವೆಗಳ ವೈವಿಧ್ಯದಲ್ಲಿ ಅವು ಹಿಂದಿದ್ದರೂ, ಬ್ಯಾಕಪ್ಪಿನ ಎರಡನೇ ಪ್ರತಿಗೆ ಆ ವೈವಿಧ್ಯ ಬೇಕಾಗಿಯೂ ಇಲ್ಲ.

ಇಷ್ಟನ್ನು ತೂಗಿದರೆ ಆಯ್ಕೆ ಉದ್ಯಮದ ಜಾತಕ ನೋಡಿ ತಾನಾಗಿ ಕಿರಿದಾಗುತ್ತದೆ. ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಲೆಕ್ಕಪತ್ರ, ಇ-ಮೇಲ್‌ಗಳ ಸಿದ್ಧ ಸೇವೆ ಮತ್ತು ನಿಶ್ಚಿತ ಮಾಸಿಕ ದರದ ಒಂದು ಸಣ್ಣ ಸರ್ವರ್ ಸಾಕು. ಮೂರು ದೊಡ್ಡ ವೇದಿಕೆಗಳ ಬಾಗಿಲು ತಟ್ಟುವ ಅಗತ್ಯವೇ ಇಲ್ಲ. ವಿಂಡೋಸ್, ಎಸ್‌ಕ್ಯೂಎಲ್ ಸರ್ವರುಗಳಲ್ಲಿ ಮುಳುಗಿರುವ ಕಾರ್ಖಾನೆ ಅಜೂರನ್ನು ಬಿಟ್ಟು ಬೇರೆಡೆ ಹೋಗಲು ಗಟ್ಟಿ ಕಾರಣ ಬೇಕು. ದತ್ತಾಂಶ ವಿಶ್ಲೇಷಣೆಯೇ ಜೀವಾಳವಾದ ಸಂಸ್ಥೆಗೆ ಗೂಗಲ್ ಒಗ್ಗುತ್ತದೆ. ಉಳಿದವರಿಗೆ, ಮುಖ್ಯವಾಗಿ ಹೊಸ ಸಾಫ್ಟ್‌ವೇರ್ ಕಂಪನಿಗಳಿಗೆ, ಎಡಬ್ಲ್ಯುಎಸ್ ಸಹಜ ಆಯ್ಕೆ; ಕಾರಣ ಅದರ ಸೇವೆಗಳು ಮಾತ್ರವಲ್ಲ, ಅದನ್ನು ಬಲ್ಲ ಎಂಜಿನಿಯರುಗಳು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತಾರೆಂಬುದೂ ಹೌದು. ಯಾವುದನ್ನೇ ಆರಿಸಿದರೂ ಡೇಟಾಬೇಸನ್ನು ಸಾಧ್ಯವಾದಷ್ಟು ಪೋಸ್ಟ್‌ಗ್ರೆಸ್‌ನಲ್ಲಿಡಬೇಕು. ಮೂರು ವರ್ಷದ ಒಪ್ಪಂದಕ್ಕೆ ಕಟ್ಟಿಕೊಳ್ಳುವುದಿದ್ದರೆ ಎಂದೂ ಇಳಿಯದ ತಳಬಳಕೆಗಷ್ಟೇ ಕಟ್ಟಿಕೊಳ್ಳಬೇಕು. ಕೃತಕ ಬುದ್ಧಿಮತ್ತೆಯ ಚಿಪ್ಪುಗಳ ದರ, ಸಾಮರ್ಥ್ಯಗಳೆರಡೂ ವರ್ಷವರ್ಷಕ್ಕೆ ಬದಲಾಗುತ್ತಿರುವಾಗ, ಅವುಗಳಿಗೆ ಒಂದು ವರ್ಷಕ್ಕಿಂತ ಹೆಚ್ಚಿನ ಕರಾರು ಮಾಡಿಕೊಳ್ಳುವುದು ಸದ್ಯಕ್ಕೆ ಉಚಿತವಲ್ಲ.